ಸೈನ್ ಎಂಬ ಮಾತಿನ ತವರು

ಬಹಳ ಹಿಂದೆ, ಏಳು ಬೆಟ್ಟದಾಚೆ, ಚುಕ್ಕಿಪುರವೆಂಬ ರಾಜ್ಯವಿತ್ತು. ಅಲ್ಲಿ ದೇಕಬ್ಬೆ, ಚಂದಲೆ ಎಂಬ ಅಕ್ಕತಂಗಿಯರು ನಕ್ಷತ್ರಗಳ ಲೆಕ್ಕ ಹಾಕುತ್ತಿದ್ದರು. ರಾಣಿ ಜೋಯಿಸರ ಪೀಠವನ್ನು ತಂಗಿಗೆ ಕೊಟ್ಟಳು. ಅಂದಿನಿಂದ ದೇಕಬ್ಬೆಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ತಂಗಿ ನಕ್ಕರೂ ಉರಿ, ಅಕ್ಕಾ ಎಂದು ಕರೆದರೂ ಉರಿ.

ಒಮ್ಮೆ ಕಂಕರಸನೆಂಬ ಮಾಟಗಾರ ಬಂದು ಚಂದಲೆಯನ್ನು ಕೇಳಿದ: "ಇಂಗ್ಲಿಷರ ಗಣಿತದಲ್ಲಿ ಸೈನ್ ಅನ್ನುತ್ತಾರಲ್ಲ, ಆ ಮಾತಿನ ತವರು ಯಾವುದು?" ಅವಳಿಗೆ ತಿಳಿಯಲಿಲ್ಲ. ಅವನ ಮಾಟಕ್ಕೆ ನಿಂತಲ್ಲೇ ಕಲ್ಲಾದಳು. "ಮಳೆಗಾಲದೊಳಗೆ ಉತ್ತರ ಬಾರದಿದ್ದರೆ ಇವಳು ಕಲ್ಲೇ, ರಾಜ್ಯ ನನ್ನದೇ!" ಎಂದ ಕಂಕರಸ.

"ನಾನು ಹುಡುಕುತ್ತೇನೆ" ಎಂದಳು ದೇಕಬ್ಬೆ. ಅಕ್ಕ ಅಂದರೆ ಹೀಗಿರಬೇಕು ಎಂದು ಜನ ಕಣ್ಣೊರೆಸಿಕೊಂಡರು.

ಹೋದಳು, ಹೋದಳು, ಪಡುವಣ ಕಡಲು ಸಿಕ್ಕಿತು. ತಿಮಿಂಗಿಲವೊಂದು ಅಡ್ಡ ಬಂದು, "ಯಾರಿಗಾಗಿ ಬಂದೆ?" ಎಂದಿತು.

"ತಂಗಿಗಾಗಿ."

ಅಲೆ ಅವಳನ್ನು ದಡಕ್ಕೆ ಬಿಸಾಡಿತು.

"ನನ್ನ ಹೆಸರಿಗಾಗಿ!" ಎಂದು ಕೂಗಿದಳು. ಅಲೆ ತಗ್ಗಿತು.

ತಿಮಿಂಗಿಲ ಹೇಳಿತು: "ಸೈನಿನ ತಾಯಿ ಲ್ಯಾಟಿನ್ನಿನ ಸೈನಸ್. ಅಂದರೆ ಮಡಿಲು. ಅರಬ್ಬಿ ಮಾತಿನ ಅರ್ಥ ನೋಡಿ ಇಟ್ಟ ಹೆಸರು. ಮರಳುಗಾಡಿಗೆ ಹೋಗು."

ಹೋದಳು, ಹೋದಳು, ಮರಳುಗಾಡು ಸಿಕ್ಕಿತು. ರೆಕ್ಕೆಯ ಒಂಟೆ ಕೇಳಿತು: "ತಂಗಿಯೆಂದರೆ ಯಾಕೆ ಉರಿ?"

"ಅವಳು ನನಗಿಂತ ಜಾಣೆ. ನೋಡಲಾರೆ."

"ನಿಜ ಹೇಳಿದೆ. ಅರಬ್ಬರು ಬರೆದದ್ದು ಜೀಬ. ಬರಹದಲ್ಲಿ ಸ್ವರ ಬಿಟ್ಟಿದ್ದರಿಂದ ಓದಿದವರು ಜೈಬ್ ಎಂದುಕೊಂಡರು. ಜೈಬ್ ಅಂದರೆ ಮಡಿಲು. ನಿಮ್ಮ ಜೇಬೂ ಅದೇ. ಆದರೆ ಜೀಬ ನಿಮ್ಮ ಕಡೆಯಿಂದ ಬಂದದ್ದು."

ತಿರುಗಿ ಬಂದಳು, ಬಂದಳು. ಗಡಿಯ ಕಾಡಿನಲ್ಲಿ ಬೆಳ್ಳಿಕೊಂಬಿನ ಕಡವೆ ಕೇಳಿತು: "ತಂಗಿ ಕಲ್ಲಾದಾಗ ಏನನ್ನಿಸಿತು?"

"ಹಾಯೆನಿಸಿತು" ಎಂದಳು ದೇಕಬ್ಬೆ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು.

ಕಡವೆ ಮೆಲ್ಲಗೆ ಹೇಳಿತು: "ವೃತ್ತದ ತುಂಡು ಬಿಲ್ಲಿನ ಹಾಗೆ. ಅದರ ತುದಿಗಳನ್ನು ಕೂಡಿಸುವ ಗೆರೆಯೇ ಹೆದೆ. ಹೆದೆಗೆ ಸಂಸ್ಕೃತದಲ್ಲಿ ಜ್ಯಾ, ಜೀವಾ. ಲೆಕ್ಕದಲ್ಲಿ ಅರ್ಧ ಹೆದೆಗೂ ಅದೇ ಹೆಸರು, ಇಂಗ್ಲಿಷರ ಸೈನ್ ಅದೇ. ಆ ಜೀವಾ ಅರಬ್ಬರ ಬಾಯಲ್ಲಿ ಜೀಬ ಆಯಿತು."

ಊರಿಗೆ ಬಂದಾಗ ಮಾಟಗಾರ ಕಿವಿಯಲ್ಲಿ ಉಸುರಿದ: "ಬಾಯಿ ಮುಚ್ಚಿಕೋ. ಪೀಠ ನಿನಗೇ ಕೊಡುತ್ತೇನೆ."

ಪೀಠ ಖಾಲಿಯಿತ್ತು. ಒಂದು ಮಾತು ನುಂಗಿದರೆ ಸಾಕಿತ್ತು. ದೇಕಬ್ಬೆ ನುಂಗಿಯೇಬಿಡುತ್ತಿದ್ದಳು. ಅಷ್ಟರಲ್ಲಿ ಕಲ್ಲಿನ ತಲೆಯ ಮೇಲೆ ಕಾಗೆಯೊಂದು ಕೂತು ಹಣೆ ಕುಕ್ಕಿತು. ಓಡಿಸಲು ತಂಗಿಗೆ ಕೈ ಏಳದು.

"ಹುಶ್!" ಎಂದು ಓಡಿದಳು ದೇಕಬ್ಬೆ. ಕಲ್ಲನ್ನು ತಬ್ಬಿಕೊಂಡು ಕೂಗಿದಳು: "ಸೈನಿನ ತವರು ಜ್ಯಾ! ನಮ್ಮ ಬಿಲ್ಲಿನ ಹೆದೆ!"

ಕಲ್ಲು ಬೆಚ್ಚಗಾಯಿತು. ಕಂಕರಸ ಗುಬ್ಬಿಯಷ್ಟಾದ, ನೊಣದಷ್ಟಾದ, ಇಲ್ಲವಾದ.

ಚಂದಲೆ ಕಣ್ಣುಬಿಟ್ಟು, "ಅಕ್ಕಾ, ನನಗಿದು ಹೊಳೆದೇ ಇರಲಿಲ್ಲ. ಹೇಗೆ ತಿಳಿದುಕೊಂಡೆ? ನನಗೂ ಹೇಳಿಕೊಡು" ಎಂದಳು.

ಉರಿ ಒಂದೇ ದಿನಕ್ಕೆ ಆರಲಿಲ್ಲ. ಆದರೆ ಆರಿತು. ಅಕ್ಕತಂಗಿಯರು ಒಂದೇ ಪೀಠದಲ್ಲಿ ಒತ್ತಿ ಕೂತು ಚುಕ್ಕಿಗಳನ್ನು ಅಳೆದರು. ರಾಜ್ಯವೆಲ್ಲ ಉಂಡುಟ್ಟು ಸುಖವಾಗಿತ್ತು.