ಒಂದು ಉಗುರಿನಷ್ಟು ಸಡಿಲ

ಮೌರಿಸ್ ನಮ್ಮ ಆಫೀಸಿಗೆ ಮೊದಲ ಸಲ ಬಂದಾಗ ನನ್ನ ಮುಖವನ್ನೇ ನೋಡಲಿಲ್ಲ. ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು, ಸೀದಾ ಹೋಗಿ ಕಂಪ್ಯೂಟರಿಗೆ ಕಿವಿ ಇಟ್ಟ. ನನಗೆ ಸಿಟ್ಟು ಬಂತು. ಮೂರು ದಿನದಿಂದ ಆ ಪೆಟ್ಟಿಗೆಯ ಮುಂದೆ ಕೂತು ಅಳುವಂತಾಗಿದ್ದವಳು ನಾನು.

ಅದು ೧೯೮೮. ಕಾರ್ಕಳದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ನಾನು ಟೈಪಿಸ್ಟ್. ಕಾರ್ಖಾನೆಯ ಹೆಂಗಸರ ಹಾಜರಿಯನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕೆಂದು ಧಣಿಗಳಿಗೆ ಹುಮ್ಮಸ್ಸು ಬಂದಿತ್ತು. ಅದು ಕೆಟ್ಟರೆ ಮಾತ್ರ ಮಣಿಪಾಲದಿಂದ ಬಸ್ಸು ಹತ್ತಿ ಮೆಕ್ಯಾನಿಕ್ ಬರಬೇಕಿತ್ತು.

“ಸ್ವಿಚ್ ಒತ್ತಿದರೆ ಫ್ಯಾನಿನ ಶಬ್ದ ಉಂಟಾ?” ಎಂದು ಕೇಳಿದ.

“ಉಂಟು. ಸ್ಕ್ರೀನಿನಲ್ಲಿ ಎಂತದೂ ಇಲ್ಲ.”

“ಬೀಪ್?”

“ಎಂತ ಬೀಪ್?”

ಆಗ ತಲೆ ಎತ್ತಿದ. “ಆರೋಗ್ಯವಾಗಿದ್ದರೆ ಒಂದು ಸಲ ಕೂಗ್ತದೆ ಮೇಡಂ. ನೀವು ಕೇಳಿಯೇ ಇಲ್ವಾ?”

“ನಳಿನಾಕ್ಷಿ ಅಂದರೆ ಸಾಕು. ಮೇಡಂ ಅಂದರೆ ಶಾಲೆ ನೆನಪಾಗ್ತದೆ.”

ನಕ್ಕ. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬಿತ್ತು.

ಪರೀಕ್ಷೆಗೆ ಅವನದೊಂದು ಕ್ರಮವಿತ್ತು. ಮೊದಲು ಗೋಡೆಯ ಪ್ಲಗ್, ಆಮೇಲೆ ಪೆಟ್ಟಿಗೆಯ ಹಿಂದಿನ ವಯರು, ಎರಡೂ ಸರಿಯಿದ್ದರೆ ಮಾತ್ರ ಸ್ಕ್ರೂ ಬಿಚ್ಚುವುದು. ಅಂದು ಬಿಚ್ಚಿದ. ಶಾಖಕ್ಕೆ ಮೇಲೆದ್ದಿದ್ದ ಚಿಪ್‌ಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತಿ ಕೂರಿಸಿದ. ಕಂಪ್ಯೂಟರ್ ಕೂಗಿತು. ಆ ಸಣ್ಣ ಕೂಗಿಗೆ ಇಬ್ಬರೂ ಒಟ್ಟಿಗೆ ನಕ್ಕೆವು. ನನ್ನ ಕಥೆ ಮುಗಿದದ್ದು ಅಲ್ಲೇ.

ಒಂದು ತಿಂಗಳು ಕಾದೆ. ದರಿದ್ರ ಕಂಪ್ಯೂಟರ್ ಹಾಳಾಗಲೇ ಇಲ್ಲ! ಕೊನೆಗೆ ಒಂದು ಬುಧವಾರ, ಆಫೀಸಿನಲ್ಲಿ ಯಾರೂ ಇಲ್ಲದಾಗ, ಹಿಂದಿನ ವಯರನ್ನು ಉಗುರಿನಷ್ಟು ಸಡಿಲಿಸಿ ಮಣಿಪಾಲಕ್ಕೆ ಫೋನ್ ಮಾಡಿದೆ.

ಬಂದ. ಪ್ಲಗ್ ಮುಟ್ಟಿದ. ವಯರು ಮುಟ್ಟಿದ. ಕೈ ಅಲ್ಲೇ ನಿಂತಿತು. ಓರೆಗಣ್ಣಿನಿಂದ ನನ್ನನ್ನು ನೋಡಿದ. ನಾನು ಕಿಟಕಿಯಾಚೆ ಒಣಗಲು ಹಾಕಿದ್ದ ಗೇರುಬೀಜವನ್ನು ಜೀವಮಾನದಲ್ಲೇ ಕಾಣದವಳಂತೆ ನೋಡುತ್ತ ನಿಂತೆ. ಅವನು ಸದ್ದಿಲ್ಲದೆ ವಯರನ್ನು ಒಳಗೆ ಒತ್ತಿ, ಏನೂ ಆಗದವನಂತೆ ಸ್ಕ್ರೂಡ್ರೈವರ್ ಹೊರತೆಗೆದ.

“ದೊಡ್ಡ ತೊಂದರೆಯೇ ಉಂಟು ನಳಿನಾಕ್ಷಿ. ಒಂದು ಗಂಟೆಯಾದರೂ ಬೇಕು.”

“ಎರಡಾದರೂ ಅಡ್ಡಿಯಿಲ್ಲ.”

ಹಾಗೆ ನಾಲ್ಕು ಸಲ ಬಂದ. ಕಾಪುವಿನ ಅವನ ಮನೆ, ಅವನ ತಂಗಿ ಲೊರ್ನಾಳ ಹಟ, ಹಿರಿಯಡ್ಕದ ನನ್ನ ಸೋದರತ್ತೆಯ ಗೊಣಗಾಟ, ಎಲ್ಲ ಮಾತಾಡಿದೆವು. ಆಡಬೇಕಾದ ಮಾತೊಂದನ್ನು ಮಾತ್ರ ಇಬ್ಬರೂ ಆಡಲಿಲ್ಲ. ರಿಪೋರ್ಟಿನಲ್ಲಿ ಪ್ರತಿ ಸಲವೂ ಹೊಸ ಸುಳ್ಳು ಬರೆದ. ಒಮ್ಮೆ ಧೂಳು, ಒಮ್ಮೆ ವೋಲ್ಟೇಜ್. ನನಗಾಗಿ ಎಷ್ಟು ಚಂದ ಸುಳ್ಳು ಹೇಳುತ್ತಾನೆ ಎಂದು ಹಿಗ್ಗಿದೆ. ಆ ಕಾಗದಗಳನ್ನು ಬೇರೆ ಯಾರೋ ಓದುತ್ತಾರೆಂಬುದು ತಲೆಗೆ ಹೊಳೆಯಲೇ ಇಲ್ಲ.

ಐದನೆಯ ಸಲ ವಯರು ಸಡಿಲಿಸಿದಾಗ ಬಂದವರು ಆಂಟನಿ ಎಂಬ ಹಿರಿಯ ಮೆಕ್ಯಾನಿಕ್. ಅವರಿಗೆ ಎರಡೇ ನಿಮಿಷ ಸಾಕಾಯಿತು.

“ವಯರು ಲೂಸ್ ಮಾರಾಯ್ರೆ! ಇಷ್ಟಕ್ಕೆ ಆ ಮೌರಿಸ್ ನಾಲ್ಕು ರಿಪೋರ್ಟ್ ಬರೆದಿದ್ದಾನೆ. ಕೆಲಸ ಗೊತ್ತಿಲ್ಲ ಅಂತ ನಮ್ಮ ಮ್ಯಾನೇಜರಿಗೆ ಮೊದಲೇ ಸಂಶಯ. ಇನ್ನು ಅವನನ್ನು ಇಟ್ಟುಕೊಳ್ಳುವುದಿಲ್ಲ.”

ಬಾಯಿ ತೆರೆದೆ. ಧಣಿಗಳು ಪಕ್ಕದಲ್ಲೇ ನಿಂತಿದ್ದರು. ಮುಚ್ಚಿಕೊಂಡೆ.

ಶನಿವಾರ ಧೈರ್ಯ ಮಾಡಿ ಮಣಿಪಾಲಕ್ಕೆ ಹೋದೆ. ಅವನ ಆಫೀಸಿನ ಮೆಟ್ಟಿಲಲ್ಲೇ ಎದುರಾದ.

“ಕೆಲಸ ಹೋಯಿತು,” ಎಂದ. “ಬೊಂಬಾಯಿಯಲ್ಲಿ ಮಾವ ಇದ್ದಾರೆ. ನಾಡಿದ್ದು ಹೊರಡ್ತೇನೆ.”

“ನಾನು ಒಳಗೆ ಹೋಗಿ ಹೇಳ್ತೇನೆ. ಎಳೆದದ್ದು ನಾನೇ ಅಂತ.”

“ಬೇಡ. ನಿಮ್ಮ ಕೆಲಸವೂ ಹೋಗ್ತದೆ. ಊರಿನವರು ಬೇರೆ ಮಾತಾಡ್ತಾರೆ.” ಒಂದು ಮೆಟ್ಟಿಲು ಇಳಿದು ತಿರುಗಿದ. “ವಯರು ಎಳೆಯದೆ, ಸುಮ್ಮನೆ ಬನ್ನಿ ಅಂತ ಒಂದು ಫೋನ್ ಮಾಡಬಹುದಿತ್ತಲ್ವಾ? ಬರ್ತಿದ್ದೆ.”

“ನೀವಾದರೂ ಹೇಳಬಹುದಿತ್ತಲ್ವಾ?”

“ಹೇಳಬಹುದಿತ್ತು. ಈಗ ಹೇಳಿದರೆ ನಿಮ್ಮನ್ನು ಕಟ್ಟಿಹಾಕಿದ ಹಾಗಾಗ್ತದೆ.”

ಅವನು ಮೆಟ್ಟಿಲಿಳಿದು ಹೋದ. ಮ್ಯಾನೇಜರರ ಬಾಗಿಲು ತೆರೆದೇ ಇತ್ತು, ಹತ್ತು ಹೆಜ್ಜೆ ದೂರದಲ್ಲಿ. ಅವನು ಬೇಡವೆಂದ, ಅದಕ್ಕೆ ನಾನು ಹೋಗಲಿಲ್ಲ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಅವನು ಬೇಡವೆಂದಾಗ ನನಗೆ ಒಳಗೊಳಗೇ ಹಾಯೆನಿಸಿತ್ತು.