ಕಾಡು ಸೇರಿದ ಮೂವರು ತಮ್ಮಂದಿರು

ಬಹಳ ಹಿಂದೆ, ಕಾಡು ಊರಬಾಗಿಲ ತನಕ ಬೆಳೆದಿದ್ದ ಕಾಲದಲ್ಲಿ, ಕೆಂಚನಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ರಾಜನಿಗೆ ಹೊನ್ನಾಜಿ ಎಂಬ ಮಗಳು, ಅವಳ ಬೆನ್ನಿಗೆ ಮೂವರು ಗಂಡುಮಕ್ಕಳು. ತಾಯಿಯಿಲ್ಲದ ಆ ಮೂವರನ್ನು ಎತ್ತಿ ಆಡಿಸಿ ಬೆಳೆಸಿದವಳು ಹೊನ್ನಾಜಿಯೇ. ಹಿರಿಯ ತಮ್ಮ ಸೋಮರಸನಿಗೆ ಸುತ್ತ ನಾಲ್ಕು ಜನವಿಲ್ಲದಿದ್ದರೆ ತುತ್ತು ಇಳಿಯದು. ನಡುವಿನವನಾದ ಕಾಳರಸ ಸದಾ ಮುಖ ಗಂಟಿಕ್ಕಿಕೊಂಡು ಒಬ್ಬನೇ ಕೆರೆಯಲ್ಲಿ ಬಿದ್ದುಕೊಂಡಿರುವವನು. ಕಿರಿಯ ಮುದ್ದರಸನೋ ಎಲ್ಲದಕ್ಕೂ ಮೂಗು ತೂರಿಸುವವನು, ಎಲೆ ಅಲುಗಿದರೂ ಅರಮನೆಗೆಲ್ಲ ಕೇಳುವಂತೆ ಕೂಗಿಕೊಳ್ಳುವವನು.

ಬೆಟ್ಟದ ತುದಿಯಲ್ಲಿ ಗವಿಮಾರ ಎಂಬ ಮಾಂತ್ರಿಕನಿದ್ದ. ಒಂದು ದಿನ ಅವನು ಹೊನ್ನಾಜಿಯನ್ನು ತನಗೆ ಕೊಡಿ ಎಂದು ಕೇಳಲು ಬಂದ. ತಮ್ಮಂದಿರು ಅವನನ್ನು ಬಾಗಿಲಿಂದಲೇ ಅಟ್ಟಿದರು. ಗವಿಮಾರ ಉರಿದುಬಿದ್ದು ಮೂವರ ಹಣೆಗೂ ಬೂದಿ ಎಸೆದ.

“ಒಬ್ಬ ಸಾರಗವಾಗು! ಒಬ್ಬ ಕಡವೆಯಾಗು! ಒಬ್ಬ ಕುರಿಯಾಗು! ಕೊಂಬು ಉದುರುವುದರೊಳಗೆ ತೊಟ್ಟು ನೆತ್ತರು ಬೀಳಿಸದೆ ಯಾರಾದರೂ ಒಬ್ಬನ ಹಣೆ ಮುಟ್ಟಿದರೆ ಅವನು ಮನುಷ್ಯನಾಗಲಿ, ಮೂವರ ಹಣೆಯನ್ನೂ ಮುಟ್ಟಿದರೆ ನನ್ನ ಮಂತ್ರವೆಲ್ಲ ಅಳಿಯಲಿ. ಕೊಂಬು ಉದುರಿತೋ, ತಾವು ಮನುಷ್ಯರೆಂಬುದೇ ಇವರಿಗೆ ಮರೆತುಹೋಗಲಿ!”

ಬೂದಿಯ ಮೋಡ ಕರಗಿ ಎಲ್ಲರೂ ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಮೂವರೂ ಮಾಯ. ರಾಜ ತಡಮಾಡದೆ ರಾಜ್ಯದ ಕುರಿಗಳನ್ನೆಲ್ಲ ಅರಮನೆಯ ಅಂಗಳಕ್ಕೆ ಹೊಡೆಸಿದ, ಒಂದೊಂದರ ಹಣೆ ಮುಟ್ಟುತ್ತ ಕೂತ. ಉಳಿದಿಬ್ಬರನ್ನು ಹುಡುಕಲು ಹೊನ್ನಾಜಿ ಕಾಡಿಗೆ ಹೊರಟಳು. ಜೊತೆಗೆ ಬಲೆ ಹೆಣೆಯುವ ಸಣ್ಣೀರಿ.

ಹೊನ್ನಾಜಿಗೆ ಗೊತ್ತಿದ್ದುದು ಅರಮನೆಯ ಬೇಟೆ ಮಾತ್ರ. ತಮಟೆ ಬಡಿ, ಕಹಳೆ ಊದು, ಕುದುರೆ ಬಿಡು. ಹಾಗೇ ಮಾಡಿದಳು. ಮೈತುಂಬ ಚುಕ್ಕೆಯಿರುವ ಸಾರಗ ಜಿಂಕೆಗಳ ಹಿಂಡು ಬಿಳಿಬಾಲ ಎತ್ತಿಕೊಂಡು ಚೆಲ್ಲಾಪಿಲ್ಲಿಯಾಗಿ ಓಡಿಹೋಯಿತು. ಅದರೊಳಗೆ ಹಣೆಯಲ್ಲಿ ಬೂದಿಬೊಟ್ಟು ಇದ್ದದ್ದೂ ಒಂದಿತ್ತು.

ಸಣ್ಣೀರಿ ನಕ್ಕಳು. “ಹಿಂಡಿನ ಮಿಗ ಕಣಮ್ಮಣ್ಣಿ ಇದು. ಒಂದು ಕಂಡ್ರೆ ಎಲ್ಲಾ ಕಂಡಂಗೆ. ಓಡ್ಸಿದ್ರೆ ಸಿಗಾಕಿಲ್ಲ. ಮುಸುವ ಕೋತಿ ಮರದ ಮ್ಯಾಲೆ ಕೂತು ಕಾಯಿ ಉದುರಿಸ್ತದಲ್ಲ, ಅಲ್ಲಿಗೆ ತಾವಾಗೇ ಬತ್ತವೆ.”

“ಹಾಗಾದರೆ ನಾನು ಮುಸುವ ಆಗಬೇಕೋ?”

“ಹೂಂ, ಆಗು. ಯಾರೂ ನೋಡಾಕಿಲ್ಲ.”

ಹೊನ್ನಾಜಿ ಕಚ್ಚೆ ಬಿಗಿದು ನೆಲ್ಲಿಮರ ಹತ್ತಿದಳು. ಕೊಂಬೆ ಕುಲುಕಿ ಕಾಯಿ ಉದುರಿಸಿದಳು. ಹಿಂಡು ಮೆಲ್ಲಗೆ ಬಂತು. ಬೂದಿಬೊಟ್ಟಿನ ಸಾರಗ ಕೆಳಗೆ ನಿಂತಾಗ ಅವಳು ಕೊಂಬೆಗೆ ಕಾಲು ಸಿಕ್ಕಿಸಿ ಜೋತುಬಿದ್ದು ಹಣೆ ಮುಟ್ಟಿದಳು. ಸೋಮರಸ ಎದ್ದು ನಿಂತ. ಓಡುತ್ತಿದ್ದ ಹಿಂಡನ್ನು ನೋಡಿ, “ಅಯ್ಯೋ, ನಮ್ಮವರೆಲ್ಲ ಎಲ್ಲಿಗೆ ಹೊರಟರು?” ಎಂದು ಬೇಜಾರುಪಟ್ಟುಕೊಂಡ.

ಇನ್ನು ಕಡವೆ. ಹೊನ್ನಾಜಿಗೆ ಈಗ ಹುರುಪು ಬಂದಿತ್ತು. ಮತ್ತೆ ಮರ ಹತ್ತಿ ಬುಟ್ಟಿಗಟ್ಟಲೆ ನೆಲ್ಲಿಕಾಯಿ ಉದುರಿಸಿದಳು. ಬೂದಿಬೊಟ್ಟಿನ ಕಡವೆ ಅತ್ತ ತಿರುಗಿಯೂ ನೋಡಲಿಲ್ಲ. ಪೊದೆಯ ಹಿಂದೆ ಯಾವುದೋ ನಾಯಿ ಮಾತ್ರ ಬಿಡದೆ ಬೊಗಳುತ್ತಿತ್ತು. ಅವಳು ರೇಗಿ ಒಂದು ಹೆಂಟೆ ಎಸೆದು ಅದನ್ನು ಓಡಿಸಿದಳು.

“ಇವ್ನು ಒಂಟಿ ಕಣಮ್ಮಣ್ಣಿ,” ಎಂದಳು ಸಣ್ಣೀರಿ. “ಗಾಳೀಲಿ ನಿನ್ನ ಸೀಗೇಕಾಯಿ ವಾಸ್ನೆ ಸಿಕ್ರೆ ಸಾಕು, ಆ ಗುಡ್ಡ ದಾಟ್ತಾನೆ. ಆದ್ರೆ ಕೆಸರು ಕಂಡ್ರೆ ಬಿಡಾಕಿಲ್ಲ. ದಿನಾ ಅದೇ ಹೊಂಡ.”

ರಾಜಕುಮಾರಿ ನಿಟ್ಟುಸಿರಿಟ್ಟು ಹೊಂಡಕ್ಕೆ ಇಳಿದಳು. ಮೈಯ ವಾಸನೆಯೆಲ್ಲ ಕೆಸರಾಗುವವರೆಗೆ ಹೊರಳಿದಳು. ಮೂಗಷ್ಟನ್ನೇ ಹೊರಗಿಟ್ಟು ಮಲಗಿದಳು. ಹೊತ್ತು ಇಳಿಯುವಾಗ ಕಡವೆ ಗಾಳಿ ಮೂಸುತ್ತ ಬಂತು, ಮೂಸಿತು, ಮತ್ತೆ ಮೂಸಿತು, ಧೊಪ್ಪನೆ ಅವಳ ಪಕ್ಕದಲ್ಲೇ ಬಿತ್ತು. ಅವಳು ಹಣೆಗೆ ಕೈಯಿಟ್ಟಳು. ಕೆಸರಿನಿಂದ ಎದ್ದ ಕಾಳರಸ ಗುರ್ ಎಂದ. “ಸ್ನಾನಕ್ಕೂ ಬಿಡೋದಿಲ್ಲವಾ ನೀನು?” ಹೊನ್ನಾಜಿಗೆ ಆ ಬೈಗುಳ ಎಷ್ಟು ಹಿತವಾಯಿತೆಂದರೆ ಅವನನ್ನು ತಬ್ಬಿಕೊಂಡೇ ಬಿಟ್ಟಳು.

ಇಬ್ಬರನ್ನೂ ಕರೆದುಕೊಂಡು ಅರಮನೆಗೆ ಬಂದರೆ ಅಂಗಳದ ತುಂಬ ಕುರಿ. ಕೈಯೆಲ್ಲ ಉಣ್ಣೆಯ ಜಿಡ್ಡಾಗಿ ರಾಜ ಸೋತು ಕೂತಿದ್ದ.

“ಇದೇನ್ ಬುದ್ಧಿ, ಅರಮನೇಲೇ ಕುರಿಸಂತೆ?” ಸಣ್ಣೀರಿ ಕೇಳಿದಳು.

“ಮುದ್ದರಸ ಕುರಿಯಾಗಿದ್ದಾನಲ್ಲ ತಾಯಿ. ಯಾವುದೆಂದು ತಿಳಿಯದು.”

ಸಣ್ಣೀರಿ ಹಣೆ ಚಚ್ಚಿಕೊಂಡಳು. “ಶಾಪ ಕೊಟ್ಟೋನು ಬೆಟ್ಟದೋನಲ್ವಾ? ಬೆಟ್ಟದೋರ ಬಾಯಲ್ಲಿ ಕುರಿ ಅಂದ್ರೆ ಕಾಡುಕುರಿ. ಅದು ಕುರಿಯೇ ಅಲ್ಲ, ಮಿಗ. ನಾಯಿ ಹಂಗೆ ಬೊಗಳೋ ಮಿಗ!”

ಹೊನ್ನಾಜಿಗೆ ಪೊದೆಯ ಹಿಂದಿನ ಬೊಗಳು ನೆನಪಾಯಿತು. ಕಾಡಿನುದ್ದಕ್ಕೂ ತನ್ನ ಹಿಂದೆಯೇ ಬರುತ್ತಿದ್ದವನು ಅವನೇ. ತಾನು ಹೆಂಟೆ ಎಸೆದದ್ದು ತನ್ನ ಕೈತುತ್ತು ತಿಂದ ಕೂಸಿಗೆ. ಅವಳು ಅಳುತ್ತಲೇ ಕಾಡಿಗೆ ಓಡಿದಳು. ದಾರಿಯಲ್ಲಿ ಆಗಲೇ ಉದುರಿದ ಕೊಂಬುಗಳು ಅಲ್ಲಲ್ಲಿ ಬಿದ್ದಿದ್ದವು.

“ಕಾಯಿಗೂ ಬರಾಕಿಲ್ಲ, ಕೆಸರಿಗೂ ಬರಾಕಿಲ್ಲ,” ಹಿಂದೆಯೇ ಬಂದ ಸಣ್ಣೀರಿ ಒಂದು ಎಳೆಯ ಎಲೆ ಮಡಿಸಿಕೊಟ್ಟಳು. “ಮರಿ ಅತ್ತಂಗೆ ಊದು. ಏನಾಯ್ತೋ ಅಂತ ನೋಡಾಕೆ ಬತ್ತದೆ. ತಲೆ ತಗ್ಗಿಸ್ಕೊಂಡು ಪೊದೆಯೊಳಗೆ ನುಸೀತದೆ, ನೋಡ್ಕೋ.”

ಹೊನ್ನಾಜಿ ಊದಿದಳು. ಬಂದವು ಎರಡು! ಎರಡರ ಹಣೆಯಲ್ಲೂ ಬೂದಿಬೊಟ್ಟು. ಒಂದು ತಲೆಯೆತ್ತಿ ಠೀವಿಯಿಂದ ನೇರ ನಡೆದು ಬಂದು ಅವಳ ಕೈಗೆ ಹಣೆಯೊಡ್ಡಿತು. ಇನ್ನೊಂದು ಪೊದೆಯಡಿ ನುಸುಳುತ್ತಿತ್ತು, ಅದಕ್ಕಿದ್ದದ್ದು ಒಂದೇ ಕೊಂಬು.

“ತಲೆಯೆತ್ತಿ ನಡೆಯೋ ಕಾಡುಕುರಿಯೇ? ಬಲೆ ಹಾಕು, ಸಣ್ಣೀರಿ!”

ಬಲೆ ಬಿತ್ತು. ಕೊಂಬು ಉದುರುವ ತನಕ ಅವಳನ್ನು ಏಮಾರಿಸಲು ಕಾಡುಕುರಿಯ ರೂಪದಲ್ಲಿ ಬಂದಿದ್ದ ಗವಿಮಾರ ಒಳಗಿಂದ ಬಾಯಿಗೆ ಬಂದಂತೆ ಬೈದ. ಆ ಗಲಾಟೆಗೆ ಒಂಟಿಕೊಂಬಿನ ಕಾಡುಕುರಿ ಬೊಗಳಿ ದೂರ ಹಾರಿತು. ಅಟ್ಟಿಸಿಕೊಂಡು ಹೋದರೆ ಸಿಗುವುದಿಲ್ಲ. ಎಲೆಯ ಸದ್ದನ್ನೂ ಇನ್ನು ನಂಬುವುದಿಲ್ಲ.

ಹೊನ್ನಾಜಿ ಅದಕ್ಕೆ ಬೆನ್ನು ಹಾಕಿ ನೆಲದ ಮೇಲೆ ಕೂತಳು. ಮುಷ್ಟಿ ಬಿಗಿದು ಮಡಿಲಲ್ಲಿಟ್ಟುಕೊಂಡು ಅದರೊಳಗೆ ಏನೋ ಇರುವಂತೆ ಇಣುಕಿದಳು, ತನ್ನಷ್ಟಕ್ಕೆ ನಕ್ಕಳು, ಮತ್ತೆ ಇಣುಕಿದಳು. ಮುದ್ದರಸನ ಬುದ್ಧಿ ಅವಳಿಗೆ ಗೊತ್ತಿಲ್ಲವೇ?

ಎಲೆ ಸರಿದ ಸದ್ದಾಯಿತು. ಭುಜದ ಪಕ್ಕ ಬಿಸಿಯುಸಿರು. ಕಾಡುಕುರಿ ಕತ್ತು ಚಾಚಿ ಮುಷ್ಟಿಯನ್ನೇ ನೋಡುತ್ತಿತ್ತು. ಅವಳು ಇನ್ನೊಂದು ಕೈಯನ್ನು ಹಣೆಗೆ ಇಟ್ಟಳು. ಕೈ ತಾಗಿದ್ದೂ ಕೊಂಬು ಕಳಚಿ ಬಿದ್ದದ್ದೂ ಒಟ್ಟಿಗೇ ಆಯಿತು.

ಬಲೆಯೊಳಗಿನ ಬೈಗುಳ ನಿಂತು ಬರೀ ಬೊಗಳು ಉಳಿಯಿತು. ಗವಿಮಾರನ ಮಂತ್ರ ಅಳಿದಿತ್ತು, ಮತ್ತೆ ಮನುಷ್ಯನಾಗುವ ದಾರಿಯೂ ಅದರ ಜೊತೆಗೇ ಹೋಗಿತ್ತು. ಸಣ್ಣೀರಿ ಬಲೆ ಎತ್ತಿದಳು, ಅವನು ಸೊಪ್ಪು ಹುಡುಕಿಕೊಂಡು ಹೋದ.

ಹೊನ್ನಾಜಿಯ ಮುಂದೆ ಮುದ್ದರಸ ಕೂತಿದ್ದ. ಅವಳನ್ನು ಮೇಲಿಂದ ಕೆಳಗೆ ನೋಡಿ ಕೇಳಿದ. “ನೀವು ಯಾರು?”

ಅವಳಿಗೆ ಲೋಕವೇ ಕುಸಿದಂತಾಯಿತು. ಬಿಗಿದ ಮುಷ್ಟಿಯನ್ನು ಬಿಡುವುದೂ ಮರೆತುಹೋಗಿತ್ತು.

ಮುದ್ದರಸ ಅದನ್ನೇ ನೋಡಿದ. “ಒಳಗೇನಿದೆ?”

“ಏನೂ ಇಲ್ಲಪ್ಪ.”

“ಇದೆ.”

“ಇಲ್ಲವೋ.”

ಅವನು ಬೆರಳು ಒಂದೊಂದಾಗಿ ಬಿಡಿಸಿದ. ಖಾಲಿ ಅಂಗೈ ಕಂಡು ಕೆನ್ನೆ ಊದಿಸಿಕೊಂಡ. “ಯಾವಾಗಲೂ ಹೀಗೇ ಮೋಸ ಮಾಡ್ತೀಯಲ್ಲ, ಅಕ್ಕಾ!”

ಆ ಒಂದು ಮಾತಿಗೆ ಹೊನ್ನಾಜಿ ಅತ್ತದ್ದನ್ನೂ ನಕ್ಕದ್ದನ್ನೂ ಕಾಡೆಲ್ಲ ಕೇಳಿತು. ಅವರು ಮನೆಗೆ ಹೋದರು, ಉಂಡರು, ನೂರು ಕಾಲ ಸುಖವಾಗಿ ಬಾಳಿದರು.