ಮೇಣದಲ್ಲಿ ಅಕ್ಕನ ಜೀವ

“ಕೈ ಮೇಲೆತ್ತು! ಇಲ್ಲಾಂದ್ರೆ ಇದನ್ನ ಇಲ್ಲೇ ಸುಟ್ಟುಬಿಡ್ತೀನಿ!”

ಲ್ಯಾಬ್‌ನ ಕಟ್ಟಾಳು ಗೂಳಿ ಲೈಟರ್ ಹಚ್ಚಿದ.

ಕೈ ಎತ್ತಿದೆ. ಬೇರೆ ದಾರಿ ಎಲ್ಲಿತ್ತು, ನೀವೇ ಹೇಳಿ?

ಅವನ ಇನ್ನೊಂದು ಕೈಯಲ್ಲಿ ಪುಟ್ಟ ಪ್ಲಾಸ್ಟಿಕ್ ಕವರ್. ಅದರೊಳಗೊಂದು ಮೇಣದ ತುಂಡು. ಮೇಣದೊಳಗೆ, ಕೆಡದಿರಲೆಂದು ಆಸ್ಪತ್ರೆಯವರು ಹುದುಗಿಸಿಟ್ಟ, ನನ್ನ ಅಕ್ಕನ ಹೊಟ್ಟೆಯಿಂದ ತೆಗೆದ ಗಡ್ಡೆಯ ಚೂರು!

ಕಳೆದುಹೋದದ್ದನ್ನು ಹುಡುಕಿಕೊಡುವುದು ನನ್ನ ಕಸುಬು. ಓಡಿಹೋದ ಗಂಡಂದಿರು, ಕದ್ದ ಕಾರುಗಳು, ಒಮ್ಮೆ ಒಂದು ಗಿಳಿ... ಈ ಕೇಸು ಮಾತ್ರ ನನ್ನ ಮನೆಯದೇ. ಅಕ್ಕನಿಗೆ ಕ್ಯಾನ್ಸರ್. ಗಡ್ಡೆಯ ಜೀನ್ ಎಲ್ಲಿ ಕೆಟ್ಟಿದೆಯೆಂದು ನೋಡಿ, ಅದಕ್ಕೆ ಹೊಂದುವ ಮಾತ್ರೆ ಕೊಡಬೇಕಂತೆ. ಈ ಲ್ಯಾಬ್ ರಿಪೋರ್ಟ್ ಕೊಟ್ಟಿತು. ಅಕ್ಕ ಮಾತ್ರೆ ನುಂಗಿದಳು. ಗಡ್ಡೆ ಮತ್ತೆ ಬೆಳೆಯಿತು!

“ಆ ರಿಪೋರ್ಟ್ ಮೇಲೇ ನಂಗೆ ಅನುಮಾನ. ಮೇಣ ವಾಪಸ್ ತನ್ನಿ, ಬೇರೆ ಕಡೆ ಟೆಸ್ಟ್ ಮಾಡಿಸೋಣ,” ಎಂದರು ಡಾಕ್ಟರಮ್ಮ. ಇನ್ನೊಮ್ಮೆ ಹೊಟ್ಟೆ ಕೊಯ್ಯಿಸಿಕೊಳ್ಳುವ ಶಕ್ತಿ ಅಕ್ಕನಿಗಿರಲಿಲ್ಲ. ಇದ್ದದ್ದು ಇದೊಂದೇ ಚೂರು.

ಕೇಳಿದೆ. ಲ್ಯಾಬ್ ಯಜಮಾನ ಕೊಡಲಿಲ್ಲ. ಸ್ಟೋರ್ ರೂಮಿಗೆ ನುಗ್ಗಿದೆ, ಡ್ರಾಯರ್‌ನಿಂದ ಎತ್ತಿಕೊಂಡೆ, ಓಡಿದೆ... ಮೆಟ್ಟಿಲ ಬಳಿ ಅವನ ಆಳು ಗೂಳಿಯ ಒಂದೇ ಗುದ್ದು! ಕಾಲರ್ ಹಿಡಿದು ಮತ್ತೆ ಅದೇ ರೂಮಿಗೆ ಎಳೆತಂದ.

“ಏನೋ ನೋಡ್ತಾ ನಿಂತಿದ್ದೀಯ? ಸುಡು!” ಬಾಗಿಲಲ್ಲಿ ನಿಂತ ಯಜಮಾನ ಕಿರುಚಿದ.

“ತಾಳಣ್ಣ! ಕವರ್ ನೋಡು. ಆಸ್ಪತ್ರೆಯವರು ಹಾಕಿದ ಸೀಲ್ ಒಡೆದೇ ಇಲ್ಲ. ಬಿಚ್ಚದೇ ಟೆಸ್ಟ್ ಮಾಡಿದ್ರಂತೆ! ನಮ್ಮ ಕಿವಿಗೆ ಹೂವಿಟ್ಟಿದ್ದಾರೆ!”

“ಬಾಯ್ಮುಚ್ಚು! ನಮ್ಮಮ್ಮನ ಗಡ್ಡೆ ಟೆಸ್ಟೂ ಸಾರೇ ಮಾಡಿಸಿದ್ದು. ಅದೂ ಬಿಟ್ಟಿ!”

“ಹೌದಾ? ಅಮ್ಮ ಹೇಗಿದ್ದಾರೆ?”

ಗೂಳಿ ಕೈಯಲ್ಲಿದ್ದ ಕವರ್ ತಿರುಗಿಸಿ ಸೀಲ್ ನೋಡಿದ.

“ಮಾತ್ರೆ ನುಂಗ್ತಾನೇ ಇದ್ದಾಳೆ... ಹೊಟ್ಟೆ ಊದ್ತಾನೇ ಇದೆ.”

ಲೈಟರ್ ಆರಿತು. ಅವನು ಡ್ರಾಯರ್‌ಗಳನ್ನು ಒಂದೊಂದಾಗಿ ಎಳೆದ. ಕವರ್‌ಗಳು ನೆಲಕ್ಕೆ ಬಿದ್ದವು. ಒಂದನ್ನು ಎತ್ತಿ ಅಮ್ಮನ ಹೆಸರು ಓದಿದ. ಸೀಲ್ ಹಾಗೇ ಇತ್ತು!

“ಸಾರ್... ಮತ್ತೆ ಆ ರಿಪೋರ್ಟ್ ಎಲ್ಲಿಂದ ಬಂತು?”

ತಣ್ಣನೆಯ ದನಿ. ಯಜಮಾನ ತೊದಲಿದ.

“ಎಲ್ರಿಗೂ ಅದೇ ರಿಪೋರ್ಟ್ ಕಣೋ... ಸಾಮಾನ್ಯವಾಗಿ ಅದೇ ಮಾತ್ರೆ ಕೆಲಸ ಮಾಡುತ್ತೆ... ಮಿಷನ್ ಬೇರೆ ಕೆಟ್ಟಿತ್ತು...”

ಗೂಳಿ ಎರಡೂ ಕವರ್ ನನ್ನ ಎದೆಗೆ ಒತ್ತಿದ.

“ಡಾಕ್ಟರಮ್ಮಂಗೆ ಎರಡನ್ನೂ ಕೊಡು. ಓಡು!”

ಬಾಗಿಲಲ್ಲಿದ್ದ ಯಜಮಾನನನ್ನು ರೂಮಿನೊಳಕ್ಕೆ ಎಳೆದುಹಾಕಿ ಓಡಿದೆ! ಹಿಂದೆ ಬಾಗಿಲ ಚಿಲಕ ಬಿದ್ದ ಸದ್ದು. ಆಮೇಲೆ ಬೇರೆ ಸದ್ದುಗಳು...

ಟೆಸ್ಟ್ ಆಯಿತು. ಅಕ್ಕನಿಗೆ ಬೇರೆ ಮಾತ್ರೆ ಬೇಕಿತ್ತು. ಗೂಳಿಯ ಅಮ್ಮನಿಗೆ ಇನ್ನೂ ಬೇರೆ. ಅಕ್ಕನ ಗಡ್ಡೆ ಕುಗ್ಗುತ್ತಿದೆಯೆಂದು ಡಾಕ್ಟರಮ್ಮ ಹೇಳಿದಾಗ ನಾನು ಅತ್ತುಬಿಟ್ಟೆ. ಆ ತಾಯಿಯದು ಇನ್ನೂ ಕಾದು ನೋಡಬೇಕು.

ಯಜಮಾನನ ದವಡೆಗೆ ಮಾತ್ರ ಜೀನ್ ಟೆಸ್ಟ್ ಬೇಕಾಗಲಿಲ್ಲ... ಎಕ್ಸ್‌ರೇ ಸಾಕಾಯಿತು!